ಲಾಭದ ರೊಟ್ಟಿ

ಅಂಬ್ರಪ್ಪನ ನಾಲಿಗೆಗೆ ಲಕ್ವಾ ಹೊಡೆಯಲಿ ಎಂದು ದೇವಕಮ್ಮ ದಿನಕ್ಕೆ ಎರಡು ಸಲ ಬೇಡಿಕೊಳ್ಳುತ್ತಿದ್ದಳು. ಮೆಸ್ಸಿನಲ್ಲಿ ಮಧ್ಯಾಹ್ನದ ಊಟಕ್ಕೆ ಕೂತಾಗ ಒಂದು ಸಲ, ಸಂಜೆಯ ಊಟಕ್ಕೆ ಕೂತಾಗ ಇನ್ನೊಂದು ಸಲ. ಹರಕೆ ಹೊರುವಷ್ಟು ನಂಬಿಕೆ ಅವಳಿಗೆ ದೇವರ ಮೇಲಿರಲಿಲ್ಲ, ಆದರೆ ಸಿಟ್ಟು ಮಾತ್ರ ಹೊಟ್ಟೆ ತುಂಬ ಇತ್ತು.

ಅಂಬ್ರಪ್ಪ ಅಂದರೆ ಮೆಸ್ಸಿನ ಗುತ್ತೇದಾರ. ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯಲ್ಲಿ ಕಾಲುವೆ ದಾಟಿದ ಕೂಡಲೇ ಬಲಕ್ಕೆ ವಿಶ್ವವಿದ್ಯಾಲಯದ ಹೊಸ ಕ್ಯಾಂಪಸ್ಸು. ಅಲ್ಲಿನ ಹುಡುಗ ಹುಡುಗಿಯರಿಗೆ ಎರಡು ಹೊತ್ತು ಉಣ್ಣಿಸುವ ಗುತ್ತಿಗೆ ಈ ಮಹಾನುಭಾವನದು. ಅನ್ನ, ಸಾರು, ಪಲ್ಯ ಮೆಸ್ಸಿನಲ್ಲೇ ಆಗುತ್ತಿತ್ತು. ಜೋಳದ ರೊಟ್ಟಿಯನ್ನು ಮಾತ್ರ ಹಿಂದಿನ ಓಣಿಯ ಹನ್ನೆರಡು ಹೆಂಗಸರು ತಮ್ಮ ತಮ್ಮ ಮನೆಯಲ್ಲಿ ಬಡಿದು, ಬುಟ್ಟಿಯಲ್ಲಿ ಹೊತ್ತು ತಂದು ಕೊಡಬೇಕು. ಅವನು ಎಣಿಸಿಕೊಳ್ಳಬೇಕು. ಎಷ್ಟು ರೊಟ್ಟಿಯೋ ಅಷ್ಟು ಕೂಲಿ.

ಈ ಎಣಿಸುವುದರಲ್ಲೇ ಇತ್ತು ಅವನ ಕಸುಬು. ಆ ಸೀಮೆಯಲ್ಲಿ ಜೋಳ ಅಳೆಯಲಿ, ಮೆಣಸಿನಕಾಯಿ ಬುಟ್ಟಿ ಎಣಿಸಲಿ, ಮೊದಲನೆಯದಕ್ಕೆ ಯಾರೂ ಒಂದು ಅನ್ನುವುದಿಲ್ಲ. ಲಾಭ ಅನ್ನುತ್ತಾರೆ. ಲಾಭ, ಎರಡು, ಮೂರು, ಹೀಗೆ. ಮನೆಗೆ ಒಳ್ಳೆಯದಾಗಲಿ ಅಂತ ಹಿಂದಿನಿಂದ ಬಂದ ಪದ್ಧತಿ. ಆದರೆ ಅಂಬ್ರಪ್ಪ ಒಂದು ರೊಟ್ಟಿ ಎತ್ತಿ "ಲಾಭ" ಅಂತ ಪಕ್ಕಕ್ಕೆ ಇಡುತ್ತಿದ್ದ. ಇನ್ನೊಂದು ಎತ್ತಿ "ಒಂದು" ಅಂತ ಶುರು ಮಾಡುತ್ತಿದ್ದ. ಹತ್ತಾದ ಮೇಲೆ ಮತ್ತೆ ಲಾಭ, ಮತ್ತೆ ಒಂದು. ಹನ್ನೊಂದು ರೊಟ್ಟಿ ಬಡಿದವಳಿಗೆ ಹತ್ತರ ಕೂಲಿ! ಪಕ್ಕಕ್ಕೆ ಸರಿದ ಲಾಭದ ರೊಟ್ಟಿಗಳು ಅವನ ಭಾವಮೈದುನನ ಖಾನಾವಳಿಗೆ ಹೋಗುತ್ತಿದ್ದವು. ಹೆಂಗಸರಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಲಾಭದ ಹೆಸರು ಎತ್ತಿದಾಗ ಬೇಡ ಅನ್ನುವುದು ಅಪಶಕುನ, ಹಾಗಾಗಿ ಬಾಯಿ ಕಟ್ಟಿಹೋಗಿತ್ತು. ಆ ಕಳ್ಳನಿಗೂ ಅದೇ ಬೇಕಿತ್ತು.

ಶ್ರಾವಣ ಮುಗಿದ ಮೇಲೆ ಒಂದು ದಿನ ಅಯ್ಯಮ್ಮ ಎಂಬವಳು ತಡೆಯಲಾರದೆ ಕೇಳಿಯೇ ಬಿಟ್ಟಳು.

"ಸಾವ್ಕಾರ್ರ, ಲಾಭ ಅಂದಮ್ಯಾಗ ಎರಡು ಬರಬೇಕಲ್ರಿ? ನೀವು ಮತ್ತ ಒಂದು ಅಂತೀರಿ."

ಮೆಸ್ಸಿನಲ್ಲಿ ಊಟದ ಹೊತ್ತು. ತಾಟು ಹಿಡಿದು ಸಾಲು ನಿಂತಿತ್ತು. ಅಂಬ್ರಪ್ಪನಿಗೆ ಮೈಯೆಲ್ಲ ಉರಿದುಹೋಯಿತು.

"ನನಗ ಲೆಕ್ಕ ಕಲಸಾಕ ಬಂದಾಳ ನೋಡ್ರಿ ಇಕಿ! ಏ, ನಿನ್ನ ರೊಟ್ಟಿನೂ ಬ್ಯಾಡ, ನೀನೂ ಬ್ಯಾಡ, ನಡಿ!" ಎಂದವನೇ ಕಾಲಿನಿಂದ ಬುಟ್ಟಿ ಒದ್ದ. ಗರಿಗರಿಯಾದ ಕಟಿ ರೊಟ್ಟಿಗಳು ನೆಲದ ತುಂಬ ಚೂರುಚೂರಾಗಿ ಹರಡಿದವು. ಅಯ್ಯಮ್ಮ ಮಂಡಿಯೂರಿ, ಆ ಚೂರುಗಳನ್ನೆಲ್ಲ ಆರಿಸಿ ಸೆರಗಿಗೆ ಹಾಕಿಕೊಂಡಳು. ನಸುಕಿನಲ್ಲಿ ಎದ್ದು ಒಲೆಯ ಮುಂದೆ ಬೆವರು ಸುರಿಸಿ ಬಡಿದ ರೊಟ್ಟಿ ಅದು, ಅವನ ಅಪ್ಪನ ಮನೆಯ ಗಂಟಲ್ಲ.

ಆ ಅಯ್ಯಮ್ಮ ದೇವಕಮ್ಮನ ತಾಯಿ. ಆ ಸಾಲಿನಲ್ಲಿ ಮೂರನೆಯವಳಾಗಿ ತಾಟು ಹಿಡಿದು ನಿಂತಿದ್ದವಳೇ ದೇವಕಮ್ಮ.

"ದೇವಕಿ, ಪಾಪ, ಯಾರು ಆ ಯಮ್ಮ?" ಎಂದು ಹಿಂದೆ ನಿಂತಿದ್ದ ಗೆಳತಿ ಜಹೀರುನ್ನೀಸಾ ಕೇಳಿದಳು.

"ಯಾರೋ, ಗೊತ್ತಿಲ್ಲ," ಎಂದಳು ದೇವಕಮ್ಮ.

ಹೌದು, ಅಂದಳು. ಅವಳ ಪರವಾಗಿ ಒಂದು ಮಾತು ಹೇಳಬೇಕೆಂದರೆ, ಮೊದಲು ಈ ನಾಟಕ ಹಚ್ಚಿದವಳು ತಾಯಿಯೇ. ಮಗಳಿಗೆ ಎಂ.ಎ. ಸೀಟು ಸಿಕ್ಕಾಗ ಅಯ್ಯಮ್ಮ ಕೊಡೇಕಲ್ ಹತ್ತಿರದ ಊರು ಬಿಟ್ಟು ಬಂದು, ಮಗಳ ಕಣ್ಣಳತೆಯಲ್ಲಿ ಇರಬಹುದೆಂದು ಈ ಓಣಿಯಲ್ಲಿ ಬಾಡಿಗೆ ಹಿಡಿದಿದ್ದಳು. "ಅಲ್ಲಿ ನನ್ನ ಮಾತಾಡಸಬ್ಯಾಡ, ಹುಡುಗ್ಯಾರು ನಗತಾರ," ಎಂದು ಅವಳೇ ಹೇಳಿದ್ದಳು. ಮಗಳು ಬೇಡವೆನ್ನದೆ ಒಪ್ಪಿದ್ದಳು. ಒಪ್ಪಿದ್ದಷ್ಟೇ ಅಲ್ಲ, ಇನ್ನೊಂದು ಹೆಜ್ಜೆ ಮುಂದೆ ಹೋಗಿ ದೇವಕಿ ಎಂದು ಹೆಸರು ಮೊಟಕು ಮಾಡಿಕೊಂಡು, ಅಪ್ಪ ಭೀಮರಾಯನಗುಡಿ ಕ್ಯಾಂಪಿನಲ್ಲಿ ನೀರಾವರಿ ಇಲಾಖೆಯಲ್ಲಿದ್ದಾನೆ ಎಂದು ಹಾಸ್ಟೆಲ್ಲಿನ ತುಂಬ ಹೇಳಿಕೊಂಡಿದ್ದಳು. ಅಪ್ಪ ಕ್ಯಾಂಪಿಗೆ ಹೋಗಿದ್ದೇನೋ ನಿಜ. ಕಾಲುವೆ ತೋಡುವ ಕೂಲಿಗೆ ಹೋದವನು ಅಲ್ಲೇ ಇನ್ನೊಬ್ಬಳ ಜೊತೆ ಮನೆ ಹೂಡಿ, ಈ ಕಡೆ ತಲೆ ಹಾಕಿರಲಿಲ್ಲ.

ಅಂದು ಹಾಸಿಗೆಯಲ್ಲಿ ಬಿದ್ದುಕೊಂಡು ದೇವಕಮ್ಮ ಹಲ್ಲು ಕಚ್ಚಿ ಅತ್ತಳು. ಈ ಅಂಬ್ರಪ್ಪನನ್ನು ಹೀಗೇ ಬಿಟ್ಟರೆ ತಾನು ಅಯ್ಯಮ್ಮನ ಮಗಳೇ ಅಲ್ಲ ಎಂದುಕೊಂಡಳು. ಎಲ್ಲರ ಎದುರಿಗೆ ಒದ್ದಿದ್ದಾನೆ, ಎಲ್ಲರ ಎದುರಿಗೇ ಅವನ ಮುಖ ಕಪ್ಪಾಗಬೇಕು. ಅವ್ವನ ರೊಟ್ಟಿಯನ್ನು ಅವನ ಬಾಯಿಂದಲೇ ಸರಿಯಾಗಿ ಎಣಿಸಬೇಕು. ಅದೊಂದು ಆದರೆ ಅವ್ವನ ಮುಂದೆ ತಲೆ ಎತ್ತಿ ನಿಲ್ಲಬಹುದು. ಇದನ್ನೆಲ್ಲ ಅವಳು ಹೇಳಿಕೊಂಡಿದ್ದು ತಲೆದಿಂಬಿನ ಮುಂದೆ ಮಾತ್ರ.

ಮರುದಿನ ಅಯ್ಯಮ್ಮ ಏನೂ ಆಗದವಳಂತೆ ಮತ್ತೆ ಬುಟ್ಟಿ ಹೊತ್ತು ಬಂದಳು. ಬರದೆ ಏನು ಮಾಡುತ್ತಾಳೆ? ಅಂಬ್ರಪ್ಪ ಮೀಸೆಯಲ್ಲೇ ನಗುತ್ತ ಎಣಿಸಿಕೊಂಡ. ಲಾಭ, ಒಂದು, ಎರಡು.

ಅದೇ ತಿಂಗಳು ಕ್ಯಾಂಪಸ್ಸಿಗೆ ಯಾರೋ ದೊಡ್ಡ ಊರಿನವರು ಬಂದು ಫೇರ್ ಟ್ರೇಡ್ ಎಂಬುದರ ಮೇಲೆ ಭಾಷಣ ಮಾಡಿ ಹೋದರು. ದೂರದ ದೇಶದ ಕಾಫಿ ಬೆಳೆಗಾರರಿಗೆ ಹೇಗೆ ಮೋಸವಾಗುತ್ತದೆ, ನ್ಯಾಯದ ಬೆಲೆ ಕೊಟ್ಟ ಮಾಲನ್ನೇ ಕೊಳ್ಳಬೇಕೆಂದು ಅಲ್ಲಿನ ವಿದ್ಯಾರ್ಥಿಗಳು ಹೇಗೆ ಹೋರಾಡಿದರು ಎಂದು ಪರದೆಯ ಮೇಲೆ ಚಿತ್ರ ತೋರಿಸಿದರು. ಅರ್ಥಶಾಸ್ತ್ರದ ಸಿಕಂದರನಿಗೆ ರಕ್ತ ಕುದಿಯಿತು. ಒಳ್ಳೆಯ ಹುಡುಗ, ಭಾಷಣ ಕೇಳಿದರೆ ಸಾಕು ಮೂರು ದಿನ ನಿದ್ದೆ ಮಾಡುತ್ತಿರಲಿಲ್ಲ. ಅವನು ನ್ಯಾಯಬೆಲೆ ಬಳಗ ಅಂತ ಕಟ್ಟಿ, ಬೋರ್ಡು ಬರೆಸಿದ. ಗೇಟಿನ ಕಾವಲುಗಾರ ಆ ಬೋರ್ಡು ಓದಿ, ಸಕ್ಕರೆ ಬಂದದೇನ್ರಿ ಎಂದು ರೇಷನ್ ಕಾರ್ಡು ಹಿಡಿದು ಬಂದಿದ್ದ. ಕಾಫಿ ಬೆಳೆಗಾರರ ಚಿತ್ರಗಳು ಗೋಡೆ ತುಂಬ ಅಂಟಿಕೊಂಡವು. ಹಾಸ್ಟೆಲ್ಲಿನಲ್ಲಿ ಕಾಫಿ ಕುಡಿಯುವವರು ಒಬ್ಬರೂ ಇರಲಿಲ್ಲ, ಎಲ್ಲರೂ ಚಹಾದವರೇ.

ಮೊದಲ ಸಭೆಯಲ್ಲೇ ದೇವಕಮ್ಮ ಎದ್ದು ನಿಂತಳು.

"ಕಾಫಿ ಬಿಡ್ರಿ ಅತ್ಲಾಗ. ನಿಮ್ಮ ತಾಟಿನ್ಯಾಗಿನ ರೊಟ್ಟಿ ನೋಡ್ರಿ. ಹನ್ನೊಂದಕ್ಕ ಹತ್ತರ ಕೂಲಿ. ದಿನಾ ನಾವ ಉಣ್ಣಾಕತ್ತೇವಿ ಆ ಪಾಪ."

ಸಿಕಂದರ ಕಣ್ಣರಳಿಸಿ, "ದೇವಕಿ, ಇದೆಲ್ಲಾ ನಿನಗ ಹ್ಯಾಂಗ ಗೊತ್ತು?" ಎಂದ.

"ಕಣ್ಣು ಅದಾವಲ್ಲ, ನೋಡೀನಿ," ಎಂದಳು.

ಅಂದಿನಿಂದ ಬಳಗಕ್ಕೆ ಅವಳೇ ಬೆನ್ನೆಲುಬು. ಸಹಿ ಸಂಗ್ರಹಿಸಿದಳು, ಕೋಣೆ ಕೋಣೆಗೆ ಹೋಗಿ ಮಾತಾಡಿದಳು. ನಾಲ್ಕುನೂರು ಸಹಿಯ ಅರ್ಜಿ ಹೊತ್ತು ಕ್ಯಾಂಪಸ್ಸಿನ ನಿರ್ದೇಶಕರ ಕೋಣೆಗೆ ಹೋದಾಗ ಆ ಪುಣ್ಯಾತ್ಮರು ಕನ್ನಡಕ ತೆಗೆದು ಒರೆಸಿ, "ರೊಟ್ಟಿ ಮಾಡುವ ಹೆಂಗಸರೇ ದೂರು ಕೊಡಲಿ, ನೋಡೋಣ," ಎಂದರು. ಅಂಬ್ರಪ್ಪನಿಗೆ ಈ ಸುದ್ದಿ ಮುಟ್ಟಲು ಎಷ್ಟು ಹೊತ್ತು? ಮರುದಿನವೇ ಹನ್ನೆರಡೂ ಹೆಂಗಸರನ್ನು ಕುರಿಗಳಂತೆ ಅಟ್ಟಿಕೊಂಡು ಹೋಗಿ ನಿರ್ದೇಶಕರ ಮುಂದೆ ನಿಲ್ಲಿಸಿದ. ನಾಳೆಯ ಒಲೆ ಹೊತ್ತಬೇಕಲ್ಲ, ಏನೂ ತಕರಾರಿಲ್ರಿ ಎಂದು ಎಲ್ಲರೂ ಹೆಬ್ಬೆಟ್ಟು ಒತ್ತಿ ಬಂದರು. ಅಯ್ಯಮ್ಮನೂ ಒತ್ತಿದಳು. ಹೊರಗೆ ವರಾಂಡದಲ್ಲಿ ಅಂಬ್ರಪ್ಪ ಬಳಗದವರನ್ನು ನೋಡಿ, "ಓದ್ರಿ ತಮ್ಮಾ, ಓದ್ರಿ. ರೊಟ್ಟಿ ಚಿಂತಿ ನಾ ಮಾಡ್ತೀನಿ," ಎಂದು ಪಿಚಕ್ಕನೆ ಎಲೆಯಡಿಕೆ ಉಗಿದು ಹೋದ.

ದೇವಕಮ್ಮನ ಕಣ್ಣಲ್ಲಿ ನೀರು ಬರಲಿಲ್ಲ. ಅರ್ಜಿಯಿಂದ ಆಗದಿದ್ದರೆ ಊಟದಿಂದ ಆಗಲಿ, ಇವನು ಎಣಿಸುವ ಹಾಗೆಯೇ ಇವನಿಗೆ ಬಡಿಸಬೇಕು ಎಂದು ಅವಳ ತಲೆಗೆ ಬಂದದ್ದು ಆಗಲೇ. ಹೊಳೆದ ಖುಷಿಗೆ ಅವಳು ಒಬ್ಬಳೇ ಗಟ್ಟಿಯಾಗಿ ನಕ್ಕಳು.

ಹದಿನೈದು ದಿನಕ್ಕೆ ಕ್ಯಾಂಪಸ್ಸಿನ ವಾರ್ಷಿಕೋತ್ಸವ. ಮಧ್ಯಾಹ್ನ ಐದುನೂರು ಜನರ ಊಟ, ದೊಡ್ಡವರೆಲ್ಲ ನೆಲದ ಮೇಲೆ ಪಂಕ್ತಿಯಲ್ಲಿ ಕೂತು ಉಣ್ಣುವುದು ಅಲ್ಲಿನ ವಾಡಿಕೆ. ಹೋಳಿಗೆಯ ಖರ್ಚು ತನ್ನದೆಂದು ಅಂಬ್ರಪ್ಪ ಹೇಳಿದ್ದರಿಂದ ಅವನಿಗೂ ಮುಂದಿನ ಪಂಕ್ತಿಗಳಲ್ಲೇ ಎಲೆ. ಸಿಕಂದರನಿಗೆ ಪಂಕ್ತಿ ಹಾಸುವ ಉಸ್ತುವಾರಿ. ಬಡಿಸುವವರನ್ನು ಒಪ್ಪಿಸುವ ಕೆಲಸ ದೇವಕಮ್ಮನದು.

ಭಾನುವಾರ ಅವಳು ಓಣಿಗೆ ಹೋದಳು. ಹೆಂಗಸರು ಕಾಲುವೆಯ ಏರಿಯ ಮೇಲೆ ಜೋಳ ಹಸನು ಮಾಡುತ್ತ ಕೂತಿದ್ದರು. ದಾವಲಬೀ ಎಂಬವಳಿಗೆ ಎಲ್ಲರಿಗಿಂತ ಬಾಯಿ ಜೋರು. ಉಪಾಯ ಕೇಳಿದವಳೇ ಅವಳು ತೊಡೆ ತಟ್ಟಿಕೊಂಡು ನಕ್ಕಳು.

"ಅರೆ ಅಲ್ಲಾ! ಖಾಲಿ ಎಲಿ ಮುಂದ ಅಂವ ಕುಂತಿದ್ದು ನಾ ಒಂದ ಸಲ ನೋಡಬೇಕು ನೋಡವ್ವಾ. ಆಮ್ಯಾಗ ಕೆಲಸಾ ಹೋದ್ರ ಹೋಗ್ಲಿ. ಹನ್ನೆರಡೂ ಮಂದಿ ರೊಟ್ಟಿ ನಿಲ್ಲಸಿದ್ರ ಅಂವ ಏನ್ ತನ್ನ ಹೆಣ್ತಿ ಕೈಲೆ ಬಡಸ್ತಾನೇನು?"

ಉಳಿದವರೂ ನಕ್ಕರು. ಅಯ್ಯಮ್ಮ ನಗಲಿಲ್ಲ. ಎಲ್ಲರೂ ಎದ್ದು ಹೋಗುವ ತನಕ ಕಾದು, ಮಗಳನ್ನು ಕೇಳಿದಳು.

"ನಿನಗ ಯಾಕ ಬೇಕಿತ್ತು ಇದು?"

"ನಿನ್ನ ಸಲುವಾಗಿ ಬೇ ಅವ್ವಾ. ಮತ್ಯಾರ ಸಲುವಾಗಿ?"

"ನನ್ನ ಸಲುವಾಗಿ ಅಂತ ಯಾರ ಮುಂದ ಹೇಳೀದಿ?"

ದೇವಕಮ್ಮ ನೆಲ ಕೆದರುತ್ತ, "ಆಮ್ಯಾಗ ಹೇಳ್ತೀನಿ. ಮೊದಲು ಅವನ ಸೊಕ್ಕು ಇಳೀಲಿ, ಎಲ್ಲಾರ ಮುಂದ ಹೇಳ್ತೀನಿ," ಎಂದಳು.

"ಹೇಳ್ತಿ?"

"ನಿನ್ನಾಣಿ."

ಅಯ್ಯಮ್ಮ ಮೊರ ಎತ್ತಿಕೊಂಡು, "ಹಂಗಾರ ಬಡಸ್ತೀನಿ," ಎಂದು ಎದ್ದು ಹೋದಳು.

ವಾರ್ಷಿಕೋತ್ಸವದ ದಿನ ಬಂತು. ಸಿಕಂದರ ಜಮಖಾನೆಗಳನ್ನು ಅಳತೆ ಮಾಡಿ ಹಾಸಿದ್ದ. ಪಂಕ್ತಿಗೆ ಸರಿಯಾಗಿ ಹನ್ನೊಂದು ಎಲೆ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಪ್ರತಿ ಪಂಕ್ತಿಯ ತುದಿಗೆ ಗೌರವದ ಜಾಗವೆಂದು ಒಬ್ಬೊಬ್ಬ ದೊಡ್ಡ ಮನುಷ್ಯನನ್ನು ಕೂರಿಸಿದ. ಮೊದಲ ಪಂಕ್ತಿಯ ತುದಿಗೆ ನಿರ್ದೇಶಕರು. ಎರಡನೆಯದಕ್ಕೆ ಗರಿಗರಿ ಧೋತರ ಉಟ್ಟು, ಗಂಧ ಹಚ್ಚಿಕೊಂಡು ಬಂದ ಅಂಬ್ರಪ್ಪ. ಎಣ್ಣೆಗಾಯಿ ಬಂತು, ಪುಂಡಿಪಲ್ಯ ಬಂತು, ಶೇಂಗಾ ಹಿಂಡಿ ಬಂತು, ಮೊಸರು ಬಂತು. ಆಮೇಲೆ ಬುಟ್ಟಿ ಹಿಡಿದು ಹನ್ನೆರಡು ಹೆಂಗಸರು ಬಂದರು.

ದಾವಲಬೀ ಅಂಬ್ರಪ್ಪನ ಎಲೆಯ ಮುಂದೆ ಬಗ್ಗಿ, "ಲಾಭ," ಎಂದು ರಾಗವಾಗಿ ಹೇಳಿದಳು. ರೊಟ್ಟಿ ಇಡಲಿಲ್ಲ. ಪಕ್ಕದವನ ಎಲೆಗೆ ರೊಟ್ಟಿ ಇಟ್ಟು "ಒಂದು" ಎಂದಳು. ಅವನ ಪಕ್ಕದವನಿಗೆ "ಎರಡು". ಹತ್ತು ಮುಗಿಸಿ ಮೂರನೆಯ ಪಂಕ್ತಿಗೆ ಹೋಗಿ ಮತ್ತೆ "ಲಾಭ".

"ಏ, ಇಲ್ಲಿ ಒಂದು ಬಿಟ್ಟೀದಿ," ಎಂದ ಅಂಬ್ರಪ್ಪ.

"ಬಿಟ್ಟಿಲ್ರಿ ಸಾವ್ಕಾರ್ರ. ನಿಮ್ದು ಲಾಭದ್ದು. ಲಾಭದ್ದು ಎಣಿಕಿಗೆ ಬರಂಗಿಲ್ಲಲ್ರಿ?"

ಇಡೀ ಚಪ್ಪರದ ಕೆಳಗೆ ಪಂಕ್ತಿಗೊಬ್ಬರಂತೆ ದೊಡ್ಡವರು ಪಲ್ಯ ಮುಂದಿಟ್ಟುಕೊಂಡು, ರೊಟ್ಟಿಯಿಲ್ಲದೆ ಮಿಕಿಮಿಕಿ ನೋಡುತ್ತ ಕೂತರು. ಮೊದಲು ಯಾರೋ ಒಬ್ಬ ಹುಡುಗಿ ಕಿಸಕ್ಕನೆ ನಕ್ಕಳು. ಆಮೇಲೆ ನಗು ಪಂಕ್ತಿಯಿಂದ ಪಂಕ್ತಿಗೆ ಹಬ್ಬಿತು. ಬಳಗದ ಹುಡುಗರು "ಲಾಭ! ಲಾಭ!" ಎಂದು ಚಪ್ಪಾಳೆ ತಟ್ಟತೊಡಗಿದರು. ನಿರ್ದೇಶಕರು ತಮ್ಮ ಖಾಲಿ ಎಲೆ ನೋಡಿ, ಅಂಬ್ರಪ್ಪನನ್ನು ನೋಡಿದರು. ನಾಲ್ಕುನೂರು ಸಹಿ ಹೇಳಲಾಗದ್ದನ್ನು ಆ ಖಾಲಿ ಎಲೆ ಅವರಿಗೆ ಹೇಳಿತ್ತು.

"ಏನ್ರೀ ಇದು? ದಿನಾ ಹೀಗೇ ಎಣಿಸ್ತೀರೇನು ನೀವು?"

ಅಂಬ್ರಪ್ಪ ಎದ್ದು ನಿಂತ. ಕಿವಿಯವರೆಗೂ ಕೆಂಪಾಗಿದ್ದ. "ಸರ್, ಇದು ಯಾರದೋ ಕಿತಾಪತಿ! ಈ ಹೆಂಗಸರಿಗೆ ಇಷ್ಟು ತಲಿ ಇಲ್ರಿ. ಯಾರದು ಇದು? ಮುಂದ ಬರ್ರಿ!"

"ನಂದು," ಎಂದು ದೇವಕಮ್ಮ ಎದ್ದು ನಿಂತಳು. ಅಬ್ಬಾ, ಆ ಗಳಿಗೆಗಾಗಿ ಅವಳು ಎಷ್ಟು ದಿನ ಕಾದಿದ್ದಳು! ಅವಳಿಗೆ ಭಯವೇ ಇರಲಿಲ್ಲ, ಬರೀ ಖುಷಿ.

ಅಂಬ್ರಪ್ಪ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನೀ ಯಾರವ್ವ? ರೊಟ್ಟಿ ಬಡಿಯೋರಿಗೂ ನಿನಗೂ ಏನ್ ಸಂಬಂಧ?"

ಚಪ್ಪರದ ಕೆಳಗಿದ್ದವರೆಲ್ಲ ಅವಳ ಕಡೆಗೇ ತಿರುಗಿದರು. ಎರಡು ಮಾರು ದೂರದಲ್ಲಿ ಅಯ್ಯಮ್ಮ ಬುಟ್ಟಿ ಸೊಂಟಕ್ಕಿಟ್ಟು ನಿಂತಿದ್ದಳು, ಮಗಳ ಬಾಯನ್ನೇ ನೋಡುತ್ತಿದ್ದಳು. ದೇವಕಮ್ಮನಿಗೆ ಅವಳು ಕಂಡಳು. ಸಾಲಾಗಿ ಕೂತ ಹಾಸ್ಟೆಲ್ಲಿನ ಹುಡುಗಿಯರೂ ಕಂಡರು, ಜಹೀರುನ್ನೀಸಾ ಕಂಡಳು, ಸಿಕಂದರ ಕಂಡ, ನೀರಾವರಿ ಇಲಾಖೆಯ ಅಪ್ಪನ ಸುಳ್ಳೂ ನೆನಪಾಯಿತು. ಹೇಳಬೇಕಾದ ಮಾತು ಗಂಟಲಿನ ತನಕ ಬಂದಿತ್ತು. ಅಲ್ಲಿಂದ ಅದು ಬೇರೆ ದಾರಿ ಹಿಡಿಯಿತು.

"ಸಂಬಂಧ ಇರಬೇಕಂತೇನಿಲ್ರಿ," ಎಂದಳು ಗಟ್ಟಿಯಾಗಿ. "ಯಾರ ಬೆವರಾದ್ರೂ ಬೆವರಽ. ನ್ಯಾಯ ಕೇಳಾಕ ಮನುಷ್ಯರಾಗಿದ್ರ ಸಾಕು!"

ಚಪ್ಪಾಳೆಯೋ ಚಪ್ಪಾಳೆ. ಸಿಕಂದರ ಸಿಳ್ಳು ಹೊಡೆದ. ಅಷ್ಟು ಒಳ್ಳೆಯ ಮಾತನ್ನು ಅವಳು ಹುಟ್ಟಿದಾಗಿನಿಂದ ಆಡಿರಲಿಲ್ಲ.

ನಿರ್ದೇಶಕರಿಗೆ ಇನ್ನು ಬೇರೆ ದಾರಿ ಉಳಿಯಲಿಲ್ಲ. "ಅಂಬ್ರಪ್ಪನವರೇ, ಬುಟ್ಟಿ ತಗೊಳ್ಳಿ. ಈ ಪಂಕ್ತಿಗೆ ನೀವೇ ಬಡಿಸಿ. ಸರಿಯಾಗಿ ಎಣಿಸಿ. ನಾಳೆಯಿಂದ ಮೆಸ್ಸಿನಲ್ಲೂ ಅದೇ ಎಣಿಕೆ, ಇಲ್ಲದಿದ್ದರೆ ಗುತ್ತಿಗೆ ಬೇರೆಯವರಿಗೆ," ಎಂದರು. ಅಂಬ್ರಪ್ಪ ಅಯ್ಯಮ್ಮನ ಕೈಯಿಂದ ಬುಟ್ಟಿ ಇಸಿದುಕೊಂಡ. ಗರಿಗರಿ ಧೋತರ ಎತ್ತಿಕಟ್ಟಿ ಬಗ್ಗಿದ. ಮೊದಲನೆಯ ಎಲೆಗೆ ರೊಟ್ಟಿ ಇಟ್ಟು "ಲಾಭ" ಎಂದ. ದನಿ ಹೊರಡಲಿಲ್ಲ. "ಕೇಳವಲ್ದು!" ಎಂದು ಹುಡುಗರು ಕೂಗಿದರು. "ಲಾಭ!" ಎಂದು ಮತ್ತೆ ಅಂದ. ಆಮೇಲೆ "ಎರಡು". ಆಮೇಲೆ "ಮೂರು".

ದೇವಕಮ್ಮ ಒಂದೊಂದು ಅಂಕಿಯನ್ನೂ ಸವಿದಳು. ಹೋಳಿಗೆಗೂ ಆ ರುಚಿ ಇರಲಿಲ್ಲ. ಅವನ ಹಣೆಯ ಗಂಧ ಬೆವರಿನಲ್ಲಿ ಕರಗಿ ಮೂಗಿಗಿಳಿಯುವುದನ್ನು ನೋಡಿ, ಅನುಭವಿಸು ಮಗನೇ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಒದ್ದ ಕಾಲಿನಲ್ಲೇ ಅವನು ಬಗ್ಗಿ ನಡೆಯುತ್ತಿದ್ದ. ತೀರಿತು, ಅವ್ವನ ಸೇಡು ತೀರಿತು ಎಂದುಕೊಂಡಳು. ಕಡೆಯ ಪಂಕ್ತಿಯ ತುದಿಯಲ್ಲಿ ಖಾಲಿ ಉಳಿದಿದ್ದ ಗೌರವದ ಜಾಗಕ್ಕೆ ಅವಳನ್ನು ಎಳೆದು ಕೂರಿಸಿದರು. ಗೆಳತಿಯರು ಬೆನ್ನು ತಟ್ಟಿದರು.

ಆ ಪಂಕ್ತಿಗೆ ಬಡಿಸಲು ಅಯ್ಯಮ್ಮ ಇನ್ನೊಂದು ಬುಟ್ಟಿ ಹಿಡಿದು ಬಂದಳು. ಮಗಳ ಎಲೆಯ ಮುಂದೆ ನಿಂತಳು. ಬುಟ್ಟಿಯಲ್ಲಿ ರೊಟ್ಟಿ ತುಂಬಿತ್ತು.

"ಲಾಭ," ಎಂದಳು. ರೊಟ್ಟಿ ಇಡಲಿಲ್ಲ.

ತಮಾಷೆಯೆಂದು ತಿಳಿದು ಸುತ್ತಲಿನವರು ನಕ್ಕರು. ದೇವಕಮ್ಮನೂ ನಗಲು ಹೋದಳು. ತಾಯಿಯ ಮುಖ ನೋಡಿ ನಗು ಅಲ್ಲೇ ನಿಂತಿತು.

"ಅವ್ವಾ," ಎಂದಳು ಸಣ್ಣಗೆ.

ಅಯ್ಯಮ್ಮ ಬಗ್ಗಿ, ಇವಳಿಗಷ್ಟೇ ಕೇಳುವಂತೆ ಹೇಳಿದಳು. "ಬುಟ್ಟಿ ಚೆಲ್ಲಿದ ದಿನ, ಚೂರು ಆರಸೂವಾಗ ಸಾಲಿನ್ಯಾಗ ನಿನ್ನ ಕಾಲು ಕಂಡಿದ್ವು ನನಗ. ಹೋಗ್ಲಿ, ಕೂಸು ಅಂಜ್ಯಾದ ಅಂದಿದ್ದೆ. ಇವತ್ತ ನೀ ಅಂಜಲಿಲ್ಲ. ನಾಚಿದಿ."

ದೇವಕಮ್ಮ ದಡಕ್ಕನೆ ಎದ್ದು ನಿಂತಳು. "ಇಕಿ ನಮ್ಮವ್ವ! ನಾ ಇಕಿ ಮಗಳು!" ಎಂದು ಕೂಗಿದಳು. ಜಹೀರುನ್ನೀಸಾಳ ಬಾಯಿಗೆ ಹೋಗುತ್ತಿದ್ದ ತುತ್ತು ಅಲ್ಲೇ ನಿಂತಿತು. ಹತ್ತಿರದ ನಾಲ್ಕಾರು ಜನ ತಿರುಗಿ ನೋಡಿದರು. ಉಳಿದವರು ಉಣ್ಣುವ ಗದ್ದಲದಲ್ಲಿದ್ದರು.

"ಅಂವ ಕೇಳಿದಾಗ ಹೇಳಬೇಕಿತ್ತವ್ವಾ," ಎಂದಳು ಅಯ್ಯಮ್ಮ, ಯಾರೋ ಬೇರೆಯವರ ಮಗಳಿಗೆ ಹೇಳುವಷ್ಟು ಮೆತ್ತಗೆ. "ಈಗ ಯಾರು ಕೇಳ್ಯಾರ?"

ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು ಅವಳು ಪಕ್ಕದ ಎಲೆಗೆ ಹೋದಳು. ಅಲ್ಲಿ ಒಂದು ರೊಟ್ಟಿ ಇಟ್ಟು, "ಒಂದು," ಎಂದಳು.